ಅತ್ತಿಗೆ ಹಾಕಿಸಿದ ಹದಿನೇಳನೆಯ ಕಂಬ

ನಮ್ಮ ಅತ್ತಿಗೆ ಲುಪೆಸಿನಾ ಕಡಲ ದಂಡೆಯಲ್ಲಿ ಮನೆ ಕಟ್ಟಿಸಿದ ಕಥೆಯನ್ನು ಊರಲ್ಲಿ ಹತ್ತು ಜನ ಹತ್ತು ಥರ ಹೇಳುತ್ತಾರೆ. ಅವರ ಮಾತು ನಂಬಬೇಡಿ. ಅವರ್ಯಾರೂ ಆ ಚಾಪೆಯ ಕೆಳಗೆ ಕೂತವರಲ್ಲ. ನಾನು ಕೂತಿದ್ದೆ. ನನ್ನ ಎಡತೊಡೆಯ ಮೇಲೆ ಅವಳು ಚಿವುಟಿದ ಗುರುತು ಹದಿನೈದು ದಿನ ಹೋಗಿರಲಿಲ್ಲ.

ಲುಪೆಸಿನಾ ನನ್ನ ಅಣ್ಣ ಇಯಾಕೊಪೋನ ಹೆಂಡತಿ, ನಾನು ಅವಳ ನಾದಿನಿ. ಆಳು ಐದಡಿ ದಾಟುವುದಿಲ್ಲ, ಗಂಟಲು ಮಾತ್ರ ದೇವರು ಮರೆತು ಎರಡು ಸಲ ಕೊಟ್ಟಿದ್ದಾನೆ. ಇಗರ್ಜಿಯಲ್ಲಿ ಅವಳು ಬಾಯಿ ತೆರೆದಳೆಂದರೆ ಪಾದ್ರಿಗಳು ಹಾಡಿನ ಪುಟ ಹುಡುಕುವುದನ್ನು ಬಿಟ್ಟು ಅವಳ ಹಿಂದೆಯೇ ಹೋಗುತ್ತಾರೆ. ಬೇರೆ ದಾರಿ ಇಲ್ಲ. ಉಪೋಲು ದ್ವೀಪದ ಈ ದಕ್ಷಿಣ ದಂಡೆಯಲ್ಲಿ ಅವಳ ಹತ್ತಿರ ವಾದ ಮಾಡಿ ಗೆದ್ದವರು ಯಾರಾದರೂ ಇದ್ದರೆ ನನಗೆ ತೋರಿಸಿ, ಅವರ ಕಾಲಿಗೆ ಬೀಳುತ್ತೇನೆ.

ನನ್ನ ಅಣ್ಣನೇ ಆದರೂ ಇದ್ದದ್ದು ಹೇಳಬೇಕು, ಇಯಾಕೊಪೋ ಮಹಾ ಮೈಗಳ್ಳ. ಮೂವತ್ತೊಂದು ವರ್ಷ ಒಂದೇ ಮಾತು: "ಬರೋ ವರ್ಷ ಗಟ್ಟಿಯಾದ ಮನೆ ಕಟ್ಟೋಣ ಕಣೇ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಬಾರದು." ಮಕ್ಕಳೇ ಆಗಲಿಲ್ಲ, ಮೊಮ್ಮಕ್ಕಳು ಎಲ್ಲಿಂದ ಬರಬೇಕು! ಹಾಗೆ ಹೇಳುತ್ತಾ ಹೇಳುತ್ತಾ ದಂಡೆಯ ಆ ಹಳೇ ಮನೆಯಲ್ಲೇ ಸಕ್ಕರೆ ಕಾಯಿಲೆಯಿಂದ ತೀರಿಕೊಂಡ. ಅತ್ತಿಗೆ ಎಲ್ಲರಂತೆ ಅವನನ್ನು ಮನೆಯ ಮುಂದೆಯೇ ಮಣ್ಣು ಮಾಡಿದಳು. ಆದರೆ ಗೋರಿಗೆ ಅವಳು ಸುರಿಸಿದ ಸಿಮೆಂಟನ್ನು ಬೇರೆ ಯಾರೂ ಸುರಿಸಿಲ್ಲ. ಮೇಲೆ ಬಿಳಿ ಟೈಲ್ಸು ಬೇರೆ. "ಮಲಗೋದಂದ್ರೆ ಪ್ರಾಣ ಅವನಿಗೆ. ಚೆನ್ನಾಗಿ ಮಲಗಲಿ ಬಿಡು" ಅಂದಳು.

ಅದಾಗಿ ಎರಡನೇ ವರ್ಷಕ್ಕೆ ಆ ದೊಡ್ಡ ಅಲೆ ಬಂತು. ಬೆಳಗಿನ ಹೊತ್ತು. ಕಡಲು ಹಿಂದೆ ಸರಿದದ್ದನ್ನು ಕಂಡು ಊರಿಗೆ ಊರೇ ಗುಡ್ಡಕ್ಕೆ ಓಡಿತು. ಅತ್ತಿಗೆ ಮಾತ್ರ ಪೊರಕೆ ಹಿಡಿದು ಗೋರಿಯ ಪಕ್ಕ ನಿಂತಿದ್ದಳು. ನಾನು ಅವಳ ಕೈ ಹಿಡಿದು ದರದರ ಎಳೆದುಕೊಂಡು ಹೋದೆ. ಮೇಲೆ ಹತ್ತುವವರೆಗೂ ಅವಳು ಹಿಂದೆ ನೋಡುತ್ತಲೇ ಇದ್ದಳು.

ಇಳಿದು ಬಂದಾಗ ಮನೆ ಇಲ್ಲ, ದೋಣಿ ಇಲ್ಲ, ಹಂದಿಗೂಡು ಇಲ್ಲ. ಗೋರಿ ಇತ್ತು. ಒಂದೇ ಒಂದು ಟೈಲ್ಸು ಎದ್ದಿತ್ತು, ಅಷ್ಟೇ. ಅತ್ತಿಗೆ ಕೆಸರಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಅಲ್ವೋ, ಗಟ್ಟಿ ಮನೆ ಗಟ್ಟಿ ಮನೆ ಅಂತ ಜೀವಮಾನವೆಲ್ಲ ಬಡ್ಕೊಂಡಿದ್ದು ನಿನಗೊಬ್ಬನಿಗೇನಾ?" ಅಂತ ಗೋರಿಗೆ ಕೇಳಿದಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು.

ಊರಿನವರೆಲ್ಲ ಗುಡ್ಡದ ಮೇಲೆ ತಗಡಿನ ಮಾಡಿನ ಮನೆ ಕಟ್ಟಿಕೊಂಡರು. ನನ್ನ ಮನೆಯ ಪಕ್ಕದಲ್ಲೇ ಅತ್ತಿಗೆಯದೂ ಒಂದು ಎದ್ದಿತು. ನನಗೆ ಮದುವೆಯಾಗಿಲ್ಲ, ಅದರ ಕಥೆ ಇಲ್ಲಿ ಬೇಡ. ಹಾಗಾಗಿ ಅವಳಿಗೆ ನಾನು, ನನಗೆ ಅವಳು. ಮೂರು ವರ್ಷ ಬೆಳಗಾದರೆ ಅವಳ ಬೈಗುಳ ಕೇಳಿಯೇ ನಾನು ಏಳುತ್ತಿದ್ದದ್ದು. ಸುಖವಾಗಿತ್ತು. ಅವಳು ಮಾತ್ರ ದಿನಾ ಪೊರಕೆ ಹಿಡಿದು ಕೆಳಗಿಳಿದು, ಗೋರಿ ಗುಡಿಸಿ, ಒಗೆದ ಬಟ್ಟೆಯನ್ನು ಅದರ ಮೇಲೆಯೇ ಒಣಹಾಕಿ, ಸಂಜೆಗೆ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದಳು.

ಒಂದು ದಿನ ಬಂದವಳೇ ಹೇಳಿದಳು: "ಕೆಳಗೆ ಮನೆ ಕಟ್ಟಿಸ್ತೀನಿ."

"ಯಾಕೆ, ಇಲ್ಲಿರೋದಕ್ಕೇನಾಗಿದೆ?"

"ಸೊಳ್ಳೆ."

"ಮೂರು ವರ್ಷ ಕಚ್ಚಿಸ್ಕೊಂಡ ಮೇಲೆ ಇವತ್ತು ಕಂಡವಾ ನಿನಗೆ?"

"ಗಾಳಿ ಬರಲ್ಲ."

"ಅತ್ತಿಗೆ, ನಿಜ ಹೇಳು."

ಅವಳು ಪೊರಕೆಯನ್ನು ಮೂಲೆಗೆ ಒರಗಿಸಿದಳು. "ನಿನ್ನಣ್ಣ ಅಲ್ಲಿ ಒಬ್ಬನೇ ಇದಾನೆ ಕಣೇ ತಾಸಿ."

"ಅವನು ಸತ್ತಿದಾನೆ!"

"ಅದಕ್ಕೇ ಹೇಳಿದ್ದು. ಅವನಿಗೆ ಎದ್ದು ಬರೋಕಾಗಲ್ಲ, ನಾನೇ ಹೋಗಬೇಕು."

ನನಗೆ ಅಲೆ ಬಂದ ಆ ಬೆಳಗು ನೆನಪಾಯಿತು. ಮತ್ತೊಂದು ಅಲೆಯೋ ಬಿರುಗಾಳಿಯೋ ಬಂದರೆ ಇವಳು ಗೋರಿ ಬಿಟ್ಟು ಓಡುವ ಪೈಕಿ ಅಲ್ಲ. ಎಳೆದುಕೊಂಡು ಹೋಗಲು ನಾನು ಪಕ್ಕದಲ್ಲಿರುವುದಿಲ್ಲ.

ಆದರೆ ಹಟಕ್ಕೆ ಬಿದ್ದರೆ ಅವಳನ್ನು ತಡೆಯುವವರು ಯಾರು? ಗುಡ್ಡದಾಚೆಯ ಊರಿನ ಸೊಲೊಮೊನ ಮೇಸ್ತ್ರಿಯ ಮುಂದೆ, ಕೆಲಸಕ್ಕೆ ಕರೆಯುವ ಕಾಣಿಕೆಯಾಗಿ ಒಂದು ನುಣುಪು ಚಾಪೆ ಇಟ್ಟು ಬಂದಳು. ಹಳೇ ಕಾಲದ ಥರ, ಮೊಳೆ ಹೊಡೆಯದೆ ನಾರಿನ ಹುರಿಯಲ್ಲೇ ಬಿಗಿದು ಕಟ್ಟುವ ಮೇಸ್ತ್ರಿಗಳಲ್ಲಿ ಈ ಕಡೆ ಉಳಿದಿರುವವನು ಅವನೊಬ್ಬನೇ. ತೆಳ್ಳಗಿನ ಮುದುಕ. ಮಾತು ಕಡಿಮೆ, ಮರ ಕೆತ್ತುವ ಬಾಚಿ ಮಾತ್ರ ಕೈಯ ಆರನೇ ಬೆರಳು.

"ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿಯುತ್ತೆ. ಹುರಿ ಗಾಳಿ ಜೊತೆ ಬಾಗುತ್ತೆ, ಆಮೇಲೆ ತನ್ನ ಜಾಗಕ್ಕೆ ತಾನೇ ಬರುತ್ತೆ" ಅಂದ ಮೇಸ್ತ್ರಿ. ಕೆಲಸದ ವಿಷಯದಲ್ಲಿ ಅವನು ಅಷ್ಟು ದೊಡ್ಡ ಮಾತಾಡಿದ್ದು ಅದೊಂದೇ ಸಲ.

ಆ ಹುರಿ ಎಷ್ಟು ಬೇಕು ಗೊತ್ತಾ? ಊರಿನ ಮುದುಕರೆಲ್ಲ ಐದು ತಿಂಗಳು ಚರ್ಚೆಗೆ ಕೂತಾಗ, ಹರಟೆಗೆ ಕೂತಾಗ, ಜಗಳಕ್ಕೆ ಕೂತಾಗ ತೊಡೆಯ ಮೇಲೆ ತೆಂಗಿನ ನಾರು ಹೊಸೆದದ್ದೇ ಹೊಸೆದದ್ದು. ಅತ್ತಿಗೆ ಬಿಸಿಬಿಸಿ ಕೋಕೋ ಕುಡಿಸಿ ಕುಡಿಸಿ ಹೊಸೆಸಿದಳು. ಒಬ್ಬ ಮುದುಕ ತೊಡೆಯ ಕೂದಲೆಲ್ಲ ಉದುರಿಹೋಯಿತು ಅಂತ ದೂರು ಕೊಟ್ಟ. "ನಿಂಗ್ಯಾಕೆ ಬೇಕಿತ್ತು ಅದು ಈ ವಯಸ್ಸಲ್ಲಿ?" ಅಂತ ಅವನ ಬಟ್ಟಲು ಮತ್ತೆ ತುಂಬಿಸಿದಳು.

ಕೆಲಸ ಶುರುವಾಯಿತು. ಎದೆಮಟ್ಟಕ್ಕೆ ಕರಿಕಲ್ಲಿನ ಜಗಲಿ ಎದ್ದಿತು. ಅದರ ಮೇಲೆ ದುಂಡಗೆ ಹದಿನಾರು ಕಂಬ, ಎಲ್ಲವೂ ಕೊಡಲಿಯ ಬಾಯಿ ಮುರಿಯುವಂಥ ಗಟ್ಟಿ ಮರದ್ದು. ನಮ್ಮ ಮನೆಗೆ ಗೋಡೆ ಇರುವುದಿಲ್ಲ. ಸುತ್ತ ಗರಿಯ ತಡಿಕೆ, ಬೇಕಾದಾಗ ಇಳಿಸುವುದು, ಬೇಡವಾದಾಗ ಎತ್ತುವುದು. ನೀರು ಬಂದರೂ ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೋಗಲಿ ಅನ್ನುವುದು ಮೇಸ್ತ್ರಿಯ ಲೆಕ್ಕಾಚಾರ. ಅತ್ತಿಗೆ ದಿನವಿಡೀ ಕಂಬದಿಂದ ಕಂಬಕ್ಕೆ ಓಡಾಡಿ ಒಂದೊಂದು ಕಟ್ಟನ್ನೂ ಜಗ್ಗಿ ನೋಡುತ್ತಿದ್ದಳು.

"ಅಮ್ಮಾ, ಕಟ್ಟು ನೋಡೋಕೆ ಬಂದ್ರಾ, ಬಿಚ್ಚೋಕೆ ಬಂದ್ರಾ?" ಅಂತ ಮೇಸ್ತ್ರಿ ಮೇಲಿಂದ ಕೇಳುತ್ತಿದ್ದ.

"ನಾನು ಜಗ್ಗಿದ್ರೇ ಬಿಚ್ಚೋದಾದ್ರೆ ಗಾಳಿ ಬಿಡುತ್ತಾ ಮೇಸ್ತ್ರಿ?"

ಬೈದಾಡಿದರೂ ಅವನ ಊಟದಲ್ಲಿ ಒಂದು ಚೂರು ಕೊರತೆ ಮಾಡಲಿಲ್ಲ. ಮಾಡುವ ಹಾಗೂ ಇಲ್ಲ. ಮನೆ ಕಟ್ಟುವವನಿಗೆ ಹಂದಿಯಲ್ಲಿ ಅವನ ಮರ್ಯಾದೆಯ ತುಂಡು ಹೋಗಬೇಕು. ಅದು ತಪ್ಪಿದರೆ ಅವನು ಮಾತಾಡುವುದಿಲ್ಲ, ಬಾಚಿ ತಗೊಂಡು ಎದ್ದು ಹೋಗುತ್ತಾನೆ. ಅವನು ಬಿಟ್ಟುಹೋದ ಮನೆಯ ಒಂದು ಗಂಟನ್ನೂ ಇನ್ನೊಬ್ಬ ಮೇಸ್ತ್ರಿ ಮುಟ್ಟುವುದಿಲ್ಲ. ಹಾಗೆ ಅರ್ಧಕ್ಕೇ ನಿಂತ, ಮಾಡು ಇಲ್ಲದ ಮನೆಗಳನ್ನು ನಮ್ಮ ಅಜ್ಜಿಯರು ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಿದ್ದರು.

ಮಾಡಿನ ನೆತ್ತಿಯ ಮರ ಏರಿಸಿದ ದಿನ ದೊಡ್ಡ ಊಟ. ಇದ್ದ ಒಂದೇ ಒಂದು ಹಂದಿ ಕಾದ ಕಲ್ಲಿನ ಒಲೆಗೆ ಹೋಯಿತು. ಬೆನ್ನಿನ ತುಂಡು ಮೇಸ್ತ್ರಿಗೆ. ಅಷ್ಟರಲ್ಲಿ ಹೇಳದೆ ಕೇಳದೆ ಪಾದ್ರಿಗಳು ಬಿಳಿ ಕೊಡೆ ಹಿಡಿದು ಬಂದರು. ಬೆನ್ನಿನ ತುಂಡು ಪಾದ್ರಿಗಳಿಗೂ ಆಗಬೇಕು. ಹಂದಿಗೆ ಬೆನ್ನು ಒಂದೇ. ಆದರೆ ಅತ್ತಿಗೆ ದಡ್ಡಿಯಲ್ಲ. ಬೆನ್ನನ್ನು ಸಮಸಮ ಎರಡು ಮಾಡಿ, ಗರಿಯ ಬುಟ್ಟಿಗಳಿಗೆ ತುಂಬಿ, ಮೇಲೆ ಬಾಳೆಲೆ ಮುಚ್ಚಿದಳು. ಪಾದ್ರಿಗಳ ಬುಟ್ಟಿಯನ್ನು ತಾನೇ ಎತ್ತಿಕೊಂಡಳು. "ಲೇ ತಾಸಿ, ಇದು ಮೇಸ್ತ್ರಿಗೆ, ಅದು ಒಲೆ ಹತ್ತಿರ ದುಡಿದ ಹುಡುಗ್ರಿಗೆ" ಅಂತ ಉಳಿದ ಎರಡನ್ನು ನನ್ನ ಕೈಗೆ ಕೊಟ್ಟಳು.

ಹುಡುಗರ ಪಾಲಿಗೆ ಹಂದಿಯ ತಲೆ. ಅದು ಯಾವಾಗಲೂ ಹಾಗೇ. ತಲೆಯ ಬುಟ್ಟಿ ಭಾರ, ಬೆನ್ನಿನ ಬುಟ್ಟಿ ಹಗುರ, ಕಣ್ಣು ಮುಚ್ಚಿಕೊಂಡೇ ಹೇಳಬಹುದು. ನಾನು ಭಾರದ ಬುಟ್ಟಿಯನ್ನು ತಗೊಂಡು ಹೋಗಿ ಸೊಲೊಮೊನ ಮೇಸ್ತ್ರಿಯ ಮುಂದೆ ಇಟ್ಟೆ. ಕೈ ತಪ್ಪಿತು ಅಂತ ಹೇಳಿ ಬಚಾವಾಗಬಹುದಿತ್ತು. ಕೈ ತಪ್ಪಿರಲಿಲ್ಲ.

ಮೇಸ್ತ್ರಿ ಬಾಳೆಲೆ ಎತ್ತಿದ. ಒಳಗಿಂದ ಹಂದಿ ಅವನನ್ನೇ ನೋಡುತ್ತಿತ್ತು. ಎಲೆಯನ್ನು ಮತ್ತೆ ಮುಚ್ಚಿದ. ಕೈ ತೊಳೆದ. ಬಾಚಿಯನ್ನು ಬಟ್ಟೆಯಲ್ಲಿ ಸುತ್ತಿದ. ಅವನ ನಾಲ್ಕು ಜನ ಆಳುಗಳು ಊಟ ಬಿಟ್ಟು ಎದ್ದರು. ಅತ್ತಿಗೆ ಪಾದ್ರಿಗಳಿಗೆ ಬಡಿಸಿ ತಿರುಗುವಷ್ಟರಲ್ಲಿ ಅವರು ರಸ್ತೆಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದರು.

ಅವಳು ಬುಟ್ಟಿಯೊಳಗೆ ಇಣುಕಿದಳು. ಮುಖ ಸುಣ್ಣವಾಯಿತು. ಈಗ ನನ್ನನ್ನು ಹಿಡಿದು ಬಡಿಯುತ್ತಾಳೆ ಅಂದುಕೊಂಡೆ. ಅವಳು ಯಾರು ಹೊತ್ತರು, ಯಾರು ಇಟ್ಟರು ಅಂತ ಕೇಳಲೇ ಇಲ್ಲ. "ಮನೆ ನಂದು, ಒಲೆ ನಂದು. ತಪ್ಪು ನಂದೇ" ಅಂದಳು.

ಬೈದಿದ್ದರೆ ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಆಮೇಲಿನ ಎರಡು ತಿಂಗಳು ಅವಳು ಹೋಗದ ಊರಿಲ್ಲ. ಯಾವ ಮೇಸ್ತ್ರಿಯೂ ಬರಲಿಲ್ಲ. "ಸೊಲೊಮೊನ ಬಿಟ್ಟ ಮನೆಗೆ ನಾನು ಕೈ ಹಾಕಿದ್ರೆ ನನ್ನ ಕೈಯಲ್ಲಿ ಇನ್ನು ಯಾರು ಮನೆ ಕಟ್ಟಿಸ್ಕೋತಾರೆ ತಾಯಿ?" ಅಂತ ಒಬ್ಬ ಮುಖಕ್ಕೆ ಹೇಳಿದ. ನವೆಂಬರು ಬಂತು. ಇನ್ನು ಬಿರುಗಾಳಿಯ ಕಾಲ. ಬಿಗಿಯದೇ ಉಳಿದ ಮಾಡಿನ ಮರಗಳು ಬಯಲಲ್ಲಿ ನೆನೆಯುತ್ತಿದ್ದವು. ಒಂದು ಗಾಳಿ ಸಾಕು, ಐದು ತಿಂಗಳ ಹುರಿ, ಹದಿನಾರು ಕಂಬ, ಎಲ್ಲ ಕಡಲ ಪಾಲು. ನಾನು ಬಯಸಿದ್ದೂ ಅದೇ ತಾನೇ? ಆದರೆ ಅದನ್ನು ನೋಡಿಕೊಂಡು ಮಳೆಯಲ್ಲಿ ಗೋರಿಯ ಮೇಲೆ ಕೂತಿರುತ್ತಿದ್ದ ಅವಳನ್ನು ಕಂಡರೆ ನಾನು ಮುಖ ತಪ್ಪಿಸಿ ಗುಡ್ಡ ಹತ್ತುತ್ತಿದ್ದೆ. ಒಂದು ಭಾನುವಾರ ಇಗರ್ಜಿಯಲ್ಲಿ ಅವಳು ಹಾಡಲಿಲ್ಲ. ಪಾದ್ರಿಗಳು ಕನ್ನಡಕ ಹಾಕಿಕೊಂಡು ಪುಟ ಹುಡುಕಿದರು.

ಮಾರನೇ ದಿನ ಅವಳು ಪೆಟ್ಟಿಗೆಯಿಂದ ದೊಡ್ಡ ಚಾಪೆ ತೆಗೆದಳು. ಅವಳ ಅಮ್ಮ ನಾಲ್ಕು ವರ್ಷ ಕೂತು ನೇಯ್ದದ್ದು, ರೇಷ್ಮೆಯಷ್ಟು ನುಣುಪು.

"ಮೇಸ್ತ್ರಿ ಮನೆ ಮುಂದೆ ಹೊದ್ದು ಕೂರ್ತೀನಿ" ಅಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಾಪೆ ಹೊದ್ದು ಕೂರುವುದು ಕೊಲೆಯಾದಾಗ. ತಪ್ಪು ಮಾಡಿದ ಕಡೆಯ ಹಿರಿಯರು ತಲೆ ತುಂಬ ಚಾಪೆ ಹೊದ್ದು ನೊಂದವರ ಅಂಗಳದಲ್ಲಿ ಮಂಡಿಯೂರುತ್ತಾರೆ. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಕೂತೇ ಇರಬೇಕು. ಪಿಟಕ್ಕೆನ್ನುವ ಹಾಗಿಲ್ಲ.

"ಹಂದಿ ತಲೆಗೆಲ್ಲ ಯಾರಾದ್ರೂ ಚಾಪೆ ಹೊದೀತಾರಾ ಅತ್ತಿಗೆ? ಊರು ನಗುತ್ತೆ."

"ನಗಲಿ. ನಕ್ಕವರು ಬಂದು ಮಾಡು ಕಟ್ಕೊಡ್ತಾರಾ?"

"ಹಾಗಾದ್ರೆ ನಾನೂ ಬರ್ತೀನಿ."

"ನೀನ್ಯಾಕೆ?"

"ಚಾಪೆ ದೊಡ್ಡದಿದೆ" ಅಂದೆ. ಬೇರೇನೂ ಹೊಳೆಯಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸೊಲೊಮೊನ ಮೇಸ್ತ್ರಿಯ ಅಂಗಳದಲ್ಲಿ, ಅವನ ಕೋಳಿಗಳ ನಡುವೆ ಮಂಡಿಯೂರಿ ಚಾಪೆ ಎಳೆದುಕೊಂಡೆವು. ಒಳಗೆ ಬೇಗೆ, ಬೆವರು, ಅವಳ ಕೊಬ್ಬರಿ ಎಣ್ಣೆಯ ವಾಸನೆ. ಮೇಸ್ತ್ರಿ ಕೋಕೋ ಹೀರುವ ಸದ್ದು ನಮಗೆ ಕೇಳುತ್ತಿತ್ತು. ಎದ್ದು ಬರುವ ಸದ್ದಿಲ್ಲ. ಒಂದು ಗಂಟೆ ಕಳೆಯಿತು. ಅತ್ತಿಗೆಯ ಮಂಡಿ ನಡುಗತೊಡಗಿತು. ಅರವತ್ತನಾಲ್ಕು ವರ್ಷದ ಮಂಡಿ, ನನ್ನ ತಪ್ಪಿಗೆ ನಡುಗುತ್ತಿದೆ. ನನ್ನಿಂದ ತಡೆಯಲಾಗಲಿಲ್ಲ.

"ಅತ್ತಿಗೆ" ಅಂತ ಪಿಸುಗುಟ್ಟಿದೆ. "ಬುಟ್ಟಿ ಬದಲಾಯಿಸಿದ್ದು ನಾನು."

"ಶ್! ಮಾತಾಡಬಾರ್ದು. ಗೊತ್ತಿಲ್ದೆ ಮಾಡಿರ್ತೀಯ, ಬಿಡು."

"ಗೊತ್ತಿದ್ದೇ ಮಾಡಿದೆ."

ಮರುಕ್ಷಣ ನನ್ನ ತೊಡೆಗೆ ಅವಳ ಉಗುರು ಇಳಿಯಿತು. ಅಯ್ಯಯ್ಯೋ ಅನ್ನುವ ಹಾಗೂ ಇಲ್ಲ!

"ಯಾಕೆ?" ಅಂದಳು ಹಲ್ಲು ಕಚ್ಚಿ.

"ನೀನು ಕೆಳಗೆ ಹೋದ್ರೆ ಮೇಲೆ ನಾನೊಬ್ಳೇ. ನಿನ್ನನ್ನ ಕಡಲು ತಗೊಂಡು ಹೋಗುತ್ತೆ. ನೀನು ಓಡಲ್ಲ, ನಂಗೊತ್ತು. ಬೈಯೋಕೂ ನಂಗ್ಯಾರೂ ಇರಲ್ಲ."

"ಕತ್ತೆ."

"ಹೂಂ."

"ಮುಂಡೇದೇ, ಬಾಯಿಬಿಟ್ಟು ಹೇಳೋಕೇನಾಗಿತ್ತು? ಒಂದು ಹಂದಿನೇ ಹಾಳು ಮಾಡಿದ್ಯಲ್ಲೇ!" ಅಂತ ಇನ್ನೊಂದು ಸಲ ಚಿವುಟಿದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲು ಜಗ್ಗಿದಳು. ಮೇಲಿನ ಚಾಪೆ ಕುಣಿಯಿತು. ಕೋಳಿಗಳು ಕೂಗಿಕೊಂಡು ಓಡಿದವು.

ಥಟ್ಟನೆ ಬೆಳಕು ಬಂತು. ಸೊಲೊಮೊನ ಮೇಸ್ತ್ರಿ ಚಾಪೆಯ ತುದಿ ಹಿಡಿದು ನಿಂತಿದ್ದ.

"ನನ್ನ ವಯಸ್ಸಿಗೆ ಮೂರು ಸಲ ಹೀಗೆ ಚಾಪೆ ಹೊದ್ದೋರನ್ನ ನೋಡಿದೀನಿ. ಒಳಗೆ ಹೊಡೆದಾಡೋರನ್ನ ಇದೇ ಮೊದಲು ನೋಡ್ತಿರೋದು" ಅಂದ. ಅವನ ಕಿವಿ ಇನ್ನೂ ಚುರುಕಾಗಿತ್ತು, ಎಲ್ಲ ಕೇಳಿಸಿಕೊಂಡಿದ್ದ. ಮುಖ ಗಂಭೀರ, ಹೊಟ್ಟೆ ಮಾತ್ರ ಕುಲುಕುತ್ತಿತ್ತು. "ಏಳಿ ತಾಯಿ. ಸೋಮವಾರ ಬರ್ತೀನಿ. ಆದ್ರೆ ನನ್ನ ಬುಟ್ಟಿ ಈಯಮ್ಮ ಹೊರಬಾರ್ದು."

ಬಸ್ಸಿನಲ್ಲಿ ಅತ್ತಿಗೆ ನನ್ನ ಪಕ್ಕ ಕೂರಲಿಲ್ಲ. ಒಂದು ತಿಂಗಳು ನನ್ನ ಜೊತೆ ಮಾತಿಲ್ಲ ಕತೆಯಿಲ್ಲ. ಬೈಗುಳವೂ ಇಲ್ಲದ ಆ ಬೆಳಗುಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ನಾನು ದೂರದ ತೆಂಗಿನ ಬುಡದಲ್ಲಿ ಕೂತು ಮಾಡು ಏರುವುದನ್ನು ನೋಡುತ್ತಿದ್ದೆ. ಮೇಸ್ತ್ರಿ ವಾಪಸು ಬಂದ ಎರಡನೇ ದಿನವೇ ಅವಳು ಅವನ ಹತ್ತಿರ ಹೊಸ ತಕರಾರು ತೆಗೆದಿದ್ದಳು.

"ಹಿಂದುಗಡೆ ಇನ್ನೊಂದು ಕಂಬ ಹಾಕಿ."

"ಹದಿನಾರು ಸಾಕಲ್ಲಮ್ಮಾ, ಭಾರಕ್ಕೆ ಬೇಕಾಗಿಲ್ಲ."

"ಭಾರಕ್ಕಲ್ಲ. ಹಾಕಿ ಅಂದ್ರೆ ಹಾಕಿ."

ನಮ್ಮ ಮನೆಗಳಲ್ಲಿ ಕಂಬ ಅಂದರೆ ಒಬ್ಬೊಬ್ಬರು ಒರಗಿ ಕೂರುವ ಜಾಗ. ಇದು ಹಿರಿಯರದು, ಇದು ಪಾದ್ರಿಗಳದು, ಇದು ಮನೆಯೊಡತಿಯದು ಅಂತ ಗೊತ್ತುಮಾಡಿರುತ್ತದೆ. ಹದಿನೇಳನೆಯದು ಯಾರದು ಅಂತ ಊರೆಲ್ಲ ಊಹಿಸಿತು. ಮೇಸ್ತ್ರಿಗೇ ಇರಬೇಕು ಅಂದರು ಕೆಲವರು. ಮುದುಕಿ ಇನ್ನೊಂದು ಮದುವೆ ಆಗುತ್ತಾಳೇನೋ ಅಂದ ತೊಡೆಯ ಕೂದಲು ಕಳೆದುಕೊಂಡವನು. ಅವನ ಕಣ್ಣಲ್ಲಿ ಸ್ವಲ್ಪ ಆಸೆಯೂ ಇತ್ತು.

ಕ್ರಿಸ್‌ಮಸ್ಸಿಗೆ ಮೊದಲೇ ಮನೆ ಮುಗಿದು ಅವಳು ಕೆಳಗೆ ಹೋದಳು. ಫೆಬ್ರವರಿಯಲ್ಲಿ ಬಿರುಗಾಳಿ ಬಂತು. ಮಧ್ಯಾಹ್ನದಿಂದಲೇ ರೇಡಿಯೋ ಕೂಗುತ್ತಿತ್ತು. ಅವಳನ್ನು ಎಳೆದು ತರಲು ನಾನು ಹೊರಟು ಬಾಗಿಲು ತೆರೆದರೆ, ಹೊಸ್ತಿಲಲ್ಲಿ ಅವಳೇ ನಿಂತಿದ್ದಾಳೆ! ಕಂಕುಳಲ್ಲಿ ಚಾಪೆ, ಕೈಯಲ್ಲಿ ಪೊರಕೆ. ತಿಂಗಳುಗಳ ಮೇಲೆ ಅವಳಾಗಿ ನನ್ನ ಮನೆಗೆ ಬಂದದ್ದು.

"ಗೋರಿಗೇನೂ ಆಗಲ್ಲ" ಅಂದಳು. "ನಿನ್ನ ಈ ತಗಡಿನ ಡಬ್ಬಾ ಹಾರಿಹೋಗುತ್ತೆ. ನಡಿ ಇಗರ್ಜಿಗೆ, ನಿನ್ನನ್ನ ಎಳ್ಕೊಂಡು ಹೋಗೋಕೇ ಬಂದೆ."

ಅವಳು ಹೇಳಿದ ಹಾಗೇ ಆಯಿತು. ಎರಡು ದಿನ ಇಗರ್ಜಿಯಲ್ಲಿ ಕೂತೆವು. ಗಾಳಿ ನಿಂತ ಮೇಲೆ ಹೊರಬಂದರೆ ನನ್ನ ಮನೆಯ ಮಾಡು ಪಾದ್ರಿಗಳ ಬಾಳೆತೋಟದಲ್ಲಿ ಬಿದ್ದಿತ್ತು. ಕೆಳಗೆ ದಂಡೆಯಲ್ಲಿ ಅತ್ತಿಗೆಯ ಮನೆ ನಿಂತಿತ್ತು. ತಡಿಕೆಗಳು ಹೋಗಿದ್ದವು, ಗರಿ ಅಲ್ಲಲ್ಲಿ ಕಿತ್ತಿತ್ತು, ಜಗಲಿಯ ಮೇಲೆ ಮರಳು ತುಂಬಿತ್ತು. ಒಂದು ಗಂಟೂ ಬಿಚ್ಚಿರಲಿಲ್ಲ. ಅತ್ತಿಗೆ ಒಂದೊಂದನ್ನೂ ಜಗ್ಗಿ ನೋಡಿದಳು, ಬಿಡುವವಳಲ್ಲ. ಆಮೇಲೆ ಗೋರಿಯ ಮೇಲಿನ ಕಸ ಗುಡಿಸಿದಳು.

ನಾನು ಒದ್ದೆ ಬಟ್ಟೆಯ ಗಂಟು ಹಿಡಿದು ಅಂಗಳದಲ್ಲೇ ನಿಂತಿದ್ದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯುತ್ತಿರಲಿಲ್ಲ. ಜಗಲಿ ಮೇಲೆ ಬರಲೇ ಅಂತ ಕೇಳುವ ಮುಖ ನನಗೆಲ್ಲಿ?

"ಅದ್ಯಾಕೆ ಹಾಗೆ ನಿಂತಿದೀಯ ನೆಂಟರ ಥರ?" ಅಂತ ಗದರಿದಳು. "ನಿನ್ನ ಕಂಬ ಅಲ್ಲಿದೆ, ಹೋಗಿ ಕೂತ್ಕೋ."

"ನನ್ನ ಕಂಬ?"

"ಮತ್ತೆ ಹದಿನೇಳನೇದು ಯಾರಿಗೆ ಹಾಕಿಸಿದೆ ಅಂದ್ಕೊಂಡೆ, ಆ ಬೋಳುತೊಡೆಯವನಿಗಾ?"

ಲೆಕ್ಕ ಹಾಕಿದೆ. ಚಾಪೆಯ ಕೆಳಗೆ ನನ್ನ ತೊಡೆ ಚಿವುಟಿದ ಮರುವಾರವೇ ಅವಳು ಅದನ್ನು ಹೇಳಿದ್ದು. ಮಾತು ಬಿಟ್ಟಿದ್ದ ಆ ಒಂದು ತಿಂಗಳೂ ನನ್ನ ಕಂಬ ನೆಲದಲ್ಲಿ ನಿಂತೇ ಇತ್ತು. ನಾನು ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂತೆ. ಅಲ್ಲಿಂದ ಒಲೆಯೂ ಕಾಣುತ್ತದೆ, ಅಣ್ಣನ ಗೋರಿಯೂ ಕಾಣುತ್ತದೆ. ಜೋರಾಗಿ ಅತ್ತುಬಿಟ್ಟೆ, ನಾಚಿಕೆ ಯಾಕೆ.

ಇದಾಗಿ ಒಂಬತ್ತು ವರ್ಷವಾಯಿತು. ಅವಳಿಗೆ ಮಂಡಿ ಸರಿಯಿಲ್ಲ, ಗೋರಿ ಗುಡಿಸುವುದು ಈಗ ನಾನು. ಬೆಳಗಾದರೆ ಬೈಗುಳ ಸಿಗುತ್ತದೆ, ಎರಡು ಪಟ್ಟು. ಅಡಿಗೆ ಮಾಡುತ್ತೇನೆ, ನೀರು ತರುತ್ತೇನೆ, ಒಲೆಯ ಕಲ್ಲು ಕಾಯಿಸುತ್ತೇನೆ. ಊಟದ ಬುಟ್ಟಿ ಹೊರಲು ಮಾತ್ರ ಇವತ್ತಿಗೂ ಅವಳು ಪಕ್ಕದ ಮನೆಯವರನ್ನು ಕರೆಯುತ್ತಾಳೆ.